ಎಡಗಡೆಯ ಮಡ್‌ಗಾರ್ಡ್

ಟಿಂಕರ್ ಮೇಸ್ತ್ರಿಯ ಅಂಗೈ ಸತ್ತು ಆರು ವರ್ಷವಾಗಿತ್ತು. ಕಸುಬೇನೂ ಹೋಗಿರಲಿಲ್ಲ, ಮರದ ಕೊಡತಿ ಹಿಡಿದರೆ ತಗಡು ಇವತ್ತಿಗೂ ಅವನು ಹೇಳಿದಂತೆ ಕೇಳುತ್ತಿತ್ತು. ಆದರೆ ನಲವತ್ತು ವರ್ಷ ಬಡಿದೂ ಬಡಿದೂ ಕೈಗೆ ಸ್ಪರ್ಶವೇ ಇಲ್ಲವಾಗಿತ್ತು. ಚಹಾದ ಲೋಟ ಸುಡುತ್ತಿದೆ ಅಂತ ತುಟಿ ಹೇಳಬೇಕು, ಕೈ ಹೇಳುತ್ತಿರಲಿಲ್ಲ. ತಗಡು ಬಡಿಯುವವನಿಗೆ ಇದು ಅಡುಗೆಯವನ ನಾಲಗೆಗೆ ರುಚಿ ಹೋದ ಹಾಗೆ. ಬಾಗಿದ ತಗಡಿನ ಸಣ್ಣ ಉಬ್ಬುತಗ್ಗು ಕಣ್ಣಿಗೆ ಬೀಳುವುದು ಬಣ್ಣ ಹೊಡೆದ ಮೇಲೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಮೊದಲೇ ತಿಳಿಯಬೇಕಾದರೆ ಕಣ್ಣು ಮುಚ್ಚಿ ಅಂಗೈ ಆಡಿಸಬೇಕು.

ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ: ಅವನ ಹೆಂಡತಿಗೆ, ಮತ್ತು ಅದೇ ಶೆಡ್ಡಿನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವ ಗೆಳೆಯನಿಗೆ. ಆ ಗೆಳೆಯನನ್ನು ಎಲ್ಲರೂ ಕಿಡಿ ಅಂತಲೇ ಕರೆಯುತ್ತಿದ್ದರು.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಿಸುವವಳು. ದಿನಕ್ಕೆ ನೂರಾರು ಬಟ್ಟೆ ಸವರಿದ ಕೈ ಅದು. ಸುಕ್ಕು ಮೊದಲು ಅವಳ ಅಂಗೈಗೆ ತಿಳಿಯುತ್ತಿತ್ತು, ಆಮೇಲೆ ಕಣ್ಣಿಗೆ. ಮಧ್ಯಾಹ್ನ ಗಂಡನಿಗೆ ಬುತ್ತಿ ತಂದವಳು ಕೈ ತೊಳೆದು, ತಗಡಿನ ಮೇಲೆ ತೆಳು ಬಟ್ಟೆ ಹಾಸಿ, ಕಣ್ಣು ಮುಚ್ಚಿ ಸವರುತ್ತಿದ್ದಳು.

"ಇಲ್ನೋಡ್ರೀ, ಕೂದಲೆಳೆಯಷ್ಟು ಎದ್ದಿದೆ."

ಅವನು ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅವಳು ಹೋದ ಮೇಲೆ ಬಡಿಯುತ್ತಿದ್ದ.

"ಅತ್ತಿಗೆ, ಅಣ್ಣನ ತಲೇನೂ ಒಂದ್ಸಲ ಸವರಿ ನೋಡಿ, ಎಲ್ಲೆಲ್ಲಿ ತಗ್ಗಿದೆ ಅಂತ," ಅನ್ನುತ್ತಿದ್ದ ಕಿಡಿ.

"ಮದುವೆಯಾದ ವಾರಕ್ಕೇ ನೋಡಿದೀನಪ್ಪ. ಅದಕ್ಕೆ ರಿಪೇರಿ ಇಲ್ಲ, ಹಾಗೇ ಓಡಿಸ್ತಿದೀನಿ."

ಹೀಗಿರುವಾಗ ಆ ಕಾರು ಬಂತು. ಅರವತ್ತು ವರ್ಷದ ಹಿಂದೆ ಇಟಲಿಯಲ್ಲಿ ರೇಸಿಗೆಂದೇ ಕೈಯಲ್ಲಿ ಕಟ್ಟಿದ್ದು. ಲೋಕದಲ್ಲೆಲ್ಲ ಹುಡುಕಿದರೂ ಇಂಥವು ಎರಡು ಕೈಯ ಬೆರಳಿಗೆ ಮಿಕ್ಕುವುದಿಲ್ಲವಂತೆ. ಲಾರಿಯಿಂದ ಇಳಿದದ್ದು ಮಾತ್ರ ಅದರ ಅಸ್ಥಿಪಂಜರ. ಬಾಗಿಲು, ಬಾನೆಟ್ಟು ಜಜ್ಜಿದ್ದವು, ಎಡಗಡೆಯ ಮುಂದಿನ ಮಡ್‌ಗಾರ್ಡ್ ಯಾವುದೋ ಕಾಲದ ಅಪಘಾತದಲ್ಲಿ ಹೋಗೇಬಿಟ್ಟಿತ್ತು. "ನಿಮ್ಮ ಕೈಯಲ್ಲಿ ಬಂಗಾರ ಇದೆ ಮೇಸ್ತ್ರಿ," ಅಂದರು ಕಾರಿನ ಯಜಮಾನರು. ಹೊಗಳಿಕೆಯೇನೋ ಧಾರಾಳ. ಆ ಬಂಗಾರದ ಕೈ ಹೇಗಿದೆ ಅಂತ ಮುಟ್ಟಿ ನೋಡುವವರು ಅಪರೂಪ.

ಮೇಸ್ತ್ರಿ ಬಲಗಡೆಯದಕ್ಕೆ ರಟ್ಟಿನ ಅಚ್ಚು ಕತ್ತರಿಸಿ, ಮಗುಚಿ ಎಡಕ್ಕೆ ಹಿಡಿದ. ಮರಳು ಚೀಲದ ಮೇಲೆ ಅಲ್ಯೂಮಿನಿಯಂ ತಗಡು ಇಟ್ಟು ಬಡಿಯತೊಡಗಿದ. ಹನ್ನೊಂದು ತಿಂಗಳು ಹಿಡಿಯಿತು. ಅದರ ನಡುವೆಯೇ ಹೆಂಡತಿಯ ಹೊಟ್ಟೆನೋವಿಗೆ ಹೆಸರು ಸಿಕ್ಕಿತು. ಯಾವ ವಾರ್ಡಿನ ಹಾಸಿಗೆಗೆ ಬಟ್ಟೆ ಮಡಿಸುತ್ತಿದ್ದಳೋ ಅದೇ ವಾರ್ಡಿನಲ್ಲಿ ಮಲಗಿ ಎದ್ದು ಬಂದಳು. ಬುತ್ತಿ ತರುವುದು ನಿಂತಿತು. ಸವರುವುದು ನಿಲ್ಲಲಿಲ್ಲ. ಕೊನೆಯ ಸಲ ಆಟೋದಿಂದ ಇಳಿದವಳನ್ನು ಕಿಡಿ ತೋಳು ಹಿಡಿದು ಕರೆತಂದ. ಅವಳು ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ ಸವರಿ, ಕಣ್ಣು ಬಿಟ್ಟಳು.

"ಇನ್ನು ಮುಟ್ಟಬೇಡ್ರಿ. ಆಯ್ತು ಇದು."

ಹತ್ತೊಂಬತ್ತನೇ ದಿನಕ್ಕೆ ಅವಳು ಹೋದಳು. ಮನೆಯಲ್ಲಿ ಅವಳ ಸೀರೆ, ಚಪ್ಪಲಿ, ಔಷಧಿಯ ಡಬ್ಬಿ ಎಲ್ಲ ಇದ್ದವು. ಮೇಸ್ತ್ರಿಗೆ ಮಾತ್ರ ಹೆಂಡತಿ ಇದ್ದದ್ದು ಆ ಮಡ್‌ಗಾರ್ಡಿನಲ್ಲಿ. ಬೆಳಿಗ್ಗೆ ಶೆಡ್ಡಿಗೆ ಬಂದವನು ಮೊದಲು ಅದರ ಮೇಲಿನ ದೂಳು ಒರೆಸುತ್ತಿದ್ದ. ಕಿಡಿ ಬೇರೆ ಕಡೆ ನೋಡುತ್ತಿದ್ದ.

ಬಣ್ಣಕ್ಕೆ ಮುಂಚೆ, ಕಾರು ಅಸಲಿ ಅಂತ ಸರ್ಟಿಫಿಕೇಟ್ ಕೊಡುವ ಪರಿಣತರೊಬ್ಬರು ಬಂದರು. ಕೈಯಲ್ಲಿ ಹಳೆಯ ಫೋಟೋ, ಅಳತೆಯ ಯಂತ್ರ. ಎಡವನ್ನೂ ಬಲವನ್ನೂ ಅಳೆದು ತಲೆಯಾಡಿಸಿದರು.

"ಎರಡೂ ಒಂದೇ ಥರ ಇದಾವೆ."

ಮೇಸ್ತ್ರಿ ಬೀಗಿದ. "ಒಂದು ನೂಲೂ ಆಚೀಚೆ ಇಲ್ಲ ಸಾರ್."

"ಅದೇ ತಪ್ಪು. ಆಗ ಎಡಗಡೆ ಒಬ್ಬ, ಬಲಗಡೆ ಇನ್ನೊಬ್ಬ ಬಡೀತಿದ್ದ. ಫೋಟೋ ನೋಡಿ, ಎಡಗಡೆಯದು ಕಿರುಬೆರಳಿನ ಅಗಲದಷ್ಟು ತಗ್ಗಿದೆ. ಇದು ತೀರಾ ಸರಿಯಾಗಿದೆ. ಹೀಗಿದ್ರೆ ಅಸಲಿ ಅಂತ ಬರೆಯೋಕಾಗಲ್ಲ."

ಮಾಡಿದ್ದು ತಪ್ಪೇ, ಹೌದು. ಫೋಟೋ ಕೇಳಬೇಕಿತ್ತು, ಕೇಳಲಿಲ್ಲ. ಆದರೆ ಮೈಗಳ್ಳನ ಕೈಯಿಂದ ಇಂಥ ತಪ್ಪು ನಡೆಯುವುದೇ ಇಲ್ಲ. ಅವನು ಮಾಡಿದ್ದರೆ ತಾನಾಗಿಯೇ ಕಿರುಬೆರಳಿನಷ್ಟು ಸೊಟ್ಟಗಿರುತ್ತಿತ್ತು, ಅಸಲಿ ಎಂಬ ಮುದ್ರೆಯೂ ಬೀಳುತ್ತಿತ್ತು. ಎಂದೋ ಸತ್ತ ಕೆಲಸಗಾರನ ಸೊಟ್ಟಕ್ಕೆ ಕೈಮುಗಿಯುವ ಜನ, ಎದುರಿಗೆ ಬದುಕಿರುವವನು ನೆಟ್ಟಗೆ ಮಾಡಿದ್ದನ್ನು ಕತ್ತರಿಸಿ ಬಿಸಾಡು ಅನ್ನುತ್ತಾರೆ. ಆ ಸತ್ತವನಿಗೂ ಬದುಕಿದ್ದಾಗ ಬೈಗುಳವೇ ಸಿಕ್ಕಿರಬೇಕು.

"ಇನ್ನೊಂದು ಮಾಡಿಬಿಡಿ ಮೇಸ್ತ್ರಿ," ಅಂದರು ಯಜಮಾನರು.

"ಮಾಡೋಣ. ಇದನ್ನ ಮಾತ್ರ ನಾನು ಮನೆಗೆ ತಗೊಂಡು ಹೋಗ್ತೀನಿ."

ಪರಿಣತರು ಅಡ್ಡ ಬಂದರು. "ಆಗಲ್ಲ. ಇಂಥ ಕಾರಿನ ಬಿಡಿಭಾಗ ಹೊರಗೆ ಹೋಗಬಾರದು. ಯಾರೋ ಅದನ್ನಿಟ್ಕೊಂಡು ನಕಲಿ ಕಾರು ಕಟ್ತಾರೆ. ನಮ್ಮೆದುರಿಗೇ ಜಜ್ಜಬೇಕು, ಫೋಟೋ ತೆಗೀಬೇಕು."

"ಗೋಡೆಗೆ ತೂಗುಹಾಕ್ತೀನಿ ಅಷ್ಟೇ, ಯಜಮಾನ್ರೇ."

"ಮಡ್‌ಗಾರ್ಡ್ ತೂಗುಹಾಕ್ಕೊಂಡು ಏನ್ಮಾಡ್ತೀರ?" ಯಜಮಾನರಿಗೆ ನಗು ಬಂತು.

ಮೇಸ್ತ್ರಿ ಕಿಡಿಯ ಕಡೆ ನೋಡಿದ. ಹೇಳಿದರೆ ಕೈಯ ಗುಟ್ಟೂ ಹೊರಬೀಳುತ್ತದೆ.

"ಹೇಳಣ್ಣ," ಅಂದ ಕಿಡಿ. "ಅವರೂ ಮನುಷ್ಯರೇ ಅಲ್ವಾ?"

ಹೇಳಿದ. ಬಟ್ಟೆ ಹಾಸಿದ್ದು, ಕಣ್ಣು ಮುಚ್ಚಿದ್ದು, ಆಟೋದಲ್ಲಿ ಬಂದದ್ದು, 'ಇನ್ನು ಮುಟ್ಟಬೇಡ್ರಿ' ಅಂದದ್ದು. ಹೇಳುತ್ತ ಅಂಗೈಯನ್ನೂ ತೋರಿಸಿದ. ಯಜಮಾನರ ಮುಖ ನಿಜಕ್ಕೂ ಸಣ್ಣದಾಯಿತು. ಅವರು ಕೆಟ್ಟವರಲ್ಲ. ಅವನ ಹೆಗಲ ಮೇಲೆ ಕೈಯಿಟ್ಟರು.

"ಗೊತ್ತೇ ಇರಲಿಲ್ಲ. ಪಾಪ." ಆಮೇಲೆ ಕಾರಿನ ಕಡೆ ತಿರುಗಿದರು. "ಅಂದ್ರೆ ನಿಮಗೆ ಏನೂ ತಿಳಿಯಲ್ವಾ? ಹಾಗಾದ್ರೆ ಬಾಗಿಲುಗಳು? ಬಾನೆಟ್ಟು?"

"ಅವನ್ನೂ ಅವಳೇ..."

"ಹ್ಞೂಂ." ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು. "ನೀವು ದಣಿದಿದೀರಿ ಮೇಸ್ತ್ರಿ. ಉಳಿದದ್ದನ್ನ ಬೇರೆಯವರ ಹತ್ರ ಮಾಡಿಸ್ತೀನಿ. ಇದು ಮಾತ್ರ... ರೂಲು ಅಂದ್ಮೇಲೆ ರೂಲು."

ಕಿಡಿ ನೆಲ ನೋಡುತ್ತಿದ್ದ. ಹೇಳು ಅಂದದ್ದು ಅವನೇ ತಾನೆ.

ಜಜ್ಜಲು ಪರಿಣತರೇ ಸುತ್ತಿಗೆಗೆ ಕೈ ಹಾಕಿದರು. "ಬಿಡಿ ಸಾರ್, ನಾನೇ ಮಾಡ್ತೀನಿ," ಅಂದ ಮೇಸ್ತ್ರಿ. ಹೊರಮೈಗೆ ಏಟು ಬೀಳದಂತೆ ಅದನ್ನು ಕವುಚಿ ಹಾಕಿ, ಒಳಗಿನಿಂದ ಹೊಡೆದ. ತೆಳು ತಗಡು. ಹನ್ನೊಂದು ತಿಂಗಳ ಕೆಲಸ ಮುದ್ದೆಯಾಗಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಸುತ್ತಿಗೆ ಇಟ್ಟು, ಮುದ್ದೆಯನ್ನು ಮಗುಚಿ, ಮಂಡಿಯೂರಿ ಕೂತ. ಸೊಟ್ಟಗಾಗದೆ ಉಳಿದ ಒಂದು ಮೂಲೆಯ ಮೇಲೆ ಅಂಗೈ ಇಟ್ಟ.

ಪರಿಣತರು ಫೋನ್ ಎತ್ತಿ ಹಿಡಿದಿದ್ದರು.

"ಸ್ವಲ್ಪ ಕೈ ತೆಗೀರಿ ಮೇಸ್ತ್ರಿ," ಅಂದರು ಮೆಲ್ಲಗೆ. "ಫೋಟೋದಲ್ಲಿ ಬರ್ತಾ ಇದೆ."

ಮೇಸ್ತ್ರಿ ಕೈ ತೆಗೆದ.