ಮೂರು ದಿನದ ದಾರಿಗಳು

ಸುನಂದಳನ್ನು ಸೈಕಲ್ ಹತ್ತಿಸಿದವರು ಅವಳ ಅತ್ತೆ ಭಾರತಮ್ಮನೇ. ಈ ಮಾತನ್ನು ಭಾರತಮ್ಮನ ಎದುರು ಆಡಿದರೆ ಇವತ್ತಿಗೂ ಅವರು ಉರಿದು ಬೀಳುತ್ತಾರೆ. ಬೀಳಲಿ. ನಡೆದದ್ದು ಹಾಗೇ.

ಅವರದು ಹುತ್ತೂರಿನ ಪಕ್ಕದ ಹಳ್ಳಿ. ಮನೆಯ ಹಿಂದೆ ಎರಡು ಎಕರೆ ಹಿಪ್ಪುನೇರಳೆ, ಅದರ ಅಂಚಿಗೆ ರೇಷ್ಮೆ ಹುಳ ಸಾಕುವ ಉದ್ದನೆಯ ಹುಳದ ಮನೆ. ಆ ಮನೆಯ ಮಡಿ ದೇವರ ಮನೆಗಿಂತ ಒಂದು ಕೈ ಹೆಚ್ಚು. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಮುಟ್ಟಾದ ಹೆಂಗಸಂತೂ ಆ ಬಾಗಿಲ ಕಡೆ ತಲೆ ಹಾಕುವಂತಿಲ್ಲ, ನೆರಳು ಬಿದ್ದರೂ ಹುಳಕ್ಕೆ ರೋಗ ಬಂದು ಬೆಳೆ ಕೈಬಿಡುತ್ತದೆ ಎನ್ನುವುದು ಭಾರತಮ್ಮನ ನಂಬಿಕೆ. ಅವರ ಅತ್ತೆಯ ನಂಬಿಕೆಯೂ ಅದೇ ಆಗಿತ್ತಂತೆ. ಹಾಗಾಗಿ ತಿಂಗಳಿಗೆ ಮೂರು ದಿನ ಸೊಸೆಯ ಜಾಗ ದನದ ಕೊಟ್ಟಿಗೆಯ ಜಗಲಿ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ.

ತಾಯಲೂರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ಸುನಂದ ಆ ಜಗಲಿಯ ಮೇಲೆ ಎರಡು ತಿಂಗಳು ಕೂತಳು. ಹಸು ಮೆಲುಕು ಹಾಕುವುದನ್ನು ನೋಡಿದಳು, ನೊಣ ಓಡಿಸಿದಳು. ಮೂರನೇ ತಿಂಗಳು ಅವಳಿಗೆ ರೇಗಿ ಹೋಯಿತು.

"ಅತ್ತೆ, ಹುಳದ ಮನೆಯಿಂದ ಎಷ್ಟು ದೂರ ಇರ್ಬೇಕು ನಾನು?" ಎಂದು ಕೇಳಿದಳು.

"ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು ಕಣೇ" ಎಂದರು ಭಾರತಮ್ಮ, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋಗುತ್ತಾ.

ಸುನಂದ ಮಾತು ಕೇಳುವ ಸೊಸೆ. ಗಂಡ ಅಮರನಾಥ್ ಸೊಪ್ಪು ಸಾಗಿಸುತ್ತಿದ್ದ ಹಳೇ ಸೈಕಲ್ಲನ್ನು ಗೋಡೆಯಿಂದ ತೆಗೆದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಕೋಲಾರಕ್ಕೆ ಹೊರಟೇ ಬಿಟ್ಟಳು. ಅಂತರಗಂಗೆ ಬೆಟ್ಟದ ಬುಡದಲ್ಲಿ ಒಂದು ಬಂಡೆಯ ಮೇಲೆ ಕೂತು ಸೌತೆಕಾಯಿ ತಿಂದು ಸಾಯಂಕಾಲದ ಹೊತ್ತಿಗೆ ವಾಪಸು ಬಂದಳು. ಮನೆಯಲ್ಲಿ ದೊಡ್ಡ ರಂಪವಾಯಿತು. ಆದರೆ ಬೈಯುವುದಾದರೂ ಹೇಗೆ? ಹತ್ತಿರ ಬರಬೇಡ ಎಂದವರು ದೂರ ಹೋದದ್ದಕ್ಕೆ ಬೈದರೆ ಅದು ಯಾವ ನ್ಯಾಯ?

ಅಲ್ಲಿಂದ ಇಪ್ಪತ್ತು ವರ್ಷ, ಹೆರಿಗೆ ಬಾಣಂತನ ಮತ್ತು ಅತ್ತೆ ಕಾಯಿಲೆ ಮಲಗಿದ ಒಂದು ತಿಂಗಳು ಬಿಟ್ಟರೆ, ಸುನಂದ ಒಂದು ತಿಂಗಳೂ ಆ ಮೂರು ದಿನವನ್ನು ಬಿಟ್ಟುಕೊಡಲಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ದಾರಿ ಅವಳಿಗೆ ಗೊತ್ತು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳ ನಡುವೆ ಹಾದು, ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಮಾರನೆಯ ದಿನ ಮುಳಬಾಗಿಲು, ಮೂರನೆಯ ದಿನ ತವರು. ನಂಗಲಿಯ ಹೆದ್ದಾರಿಯಲ್ಲಿ ಲಾರಿ ಡ್ರೈವರುಗಳಿಗೂ ಅವಳ ಗುರುತು. "ಏಮ್ಮಾ, ಎಕ್ಕಡಿಕಿ?", ಎಲ್ಲಿಗಮ್ಮ ಎಂದು ತೆಲುಗಿನಲ್ಲಿ ಕ್ಯಾಬಿನ್ನಿನಿಂದ ಇಣುಕಿ ಕೇಳುತ್ತಿದ್ದರು. "ರೋಡ್ ಉನ್ನಂತ ದೂರಂ", ರಸ್ತೆ ಇರುವಷ್ಟು ದೂರ ಎಂದು ಇವಳು ತಿರುಗಿ ಕೂಗುತ್ತಿದ್ದಳು.

ಊರಲ್ಲಿ ಆಡಿಕೊಂಡವರಿಗೆ ಲೆಕ್ಕವಿಲ್ಲ. ಮೈದುನ ಆಂಜಿನಪ್ಪನಂತೂ ಅತ್ತಿಗೆ ಸೈಕಲ್ ಹೊರಗೆ ತೆಗೆದರೆ ಸಾಕು, "ಸವಾರಿ ಎತ್ತ ಕಡೆಗೋ" ಎಂದು ರಾಗ ಎಳೆಯುತ್ತಿದ್ದ. ಸುನಂದ ಒಮ್ಮೆಯೂ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ದಮ್ಮನ್ನು ಪೆಡಲ್ಲಿಗೆ ಹಾಕಿದರೆ ಇನ್ನರ್ಧ ಮೈಲಿ ಹೋಗಬಹುದು ಎನ್ನುವುದು ಅವಳ ಲೆಕ್ಕ.

ಲೋಕದ ದಾರಿಗಳು ಅವಳಿಗೆ ಸಿಕ್ಕಿದ್ದೂ ಹುಳದ ಮನೆಯಲ್ಲೇ. ಹುಳದ ತಟ್ಟೆಗೆ ಹಾಸಲು ಕೋಲಾರದಿಂದ ಹಳೇ ಪೇಪರನ್ನು ಕಟ್ಟುಗಟ್ಟಲೆ ತರುತ್ತಾರೆ. ಐದು ವರ್ಷದ ಹಿಂದೆ ಒಂದು ದಿನ ಹಾಸುವಾಗ ಬಣ್ಣದ ಹಾಳೆಯೊಂದು ಕೈಗೆ ಬಂತು. ಬೋಳು ಬೆಟ್ಟಗಳ ನಡುವೆ ಹಗ್ಗ ಎಸೆದಂಥ ರಸ್ತೆ, ಅದರ ಮೇಲೆ ಗಂಟುಮೂಟೆ ಕಟ್ಟಿದ ಸೈಕಲ್, ಸೈಕಲ್ ಮೇಲೆ ಒಬ್ಬಳು ಹೆಂಗಸು. ಸುನಂದ ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಮಗಳು ಚಂದನ ಆಗ ಹೈಸ್ಕೂಲು. ಇಂಗ್ಲಿಷನ್ನು ಬಿಡಿಸಿ ಓದಿ ಹೇಳಿದಳು: ಸೈಕಲ್ ತುಳಿಯುವವರಿಗೆ ಜಗತ್ತಿನ ಹತ್ತು ಚಂದದ ದಾರಿಗಳು. ತಜಿಕಿಸ್ತಾನದ ಪಾಮೀರ್, ಚಿಲಿ ದೇಶದ ಕಾಡಿನ ಮಣ್ಣುರಸ್ತೆ, ನಾರ್ವೆಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಮುದ್ರದ ಮೇಲೆ ಹೋಗುವ ಸೇತುವೆಗಳು, ನಮ್ಮದೇ ಮನಾಲಿಯಿಂದ ಲೇಹ್.

ಹಾಳೆ ಜಗಲಿಯ ಗೋಡೆ ಸೇರಿತು. ಕೂರಲು ಕೊಟ್ಟ ಜಾಗದಲ್ಲಿ ಏನು ಅಂಟಿಸಬೇಕೆಂಬುದು ಕೂತವಳ ಇಷ್ಟ ಎಂದಳು ಸುನಂದ. "ಈ ಚಿಲಿ ದಾರಿ ನೋಡೇ, ಥೇಟ್ ನಮ್ ತಾಯಲೂರು ರೋಡು. ಗುಂಡಿ ಸಮೇತ" ಎಂದು ಮಗಳಿಗೆ ತೋರಿಸಿ ನಗುತ್ತಿದ್ದಳು. ನಗುವುದು ಮೇಲೆ ಮೇಲೆ. ಒಳಗೆ ಒಂದು ಸಿಟ್ಟು ಕೂತಿತ್ತು. ಆ ಫೋಟೋದ ಹೆಂಗಸಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇತ್ತು. ಇವಳಿಗೆ ಇದ್ದದ್ದು ಮೂರು.

ಆ ಮೂರೂ ನಿಲ್ಲುವ ಕಾಲ ಬಂತು. ನಲವತ್ತಾರು ತುಂಬಿದ ಮೇಲೆ ಮುಟ್ಟು ಒಂದು ತಿಂಗಳು ತಪ್ಪಿತು, ಇನ್ನೊಂದು ತಿಂಗಳು ತಪ್ಪಿತು, ಆಮೇಲೆ ಬರಲೇ ಇಲ್ಲ. ಸುನಂದ ಯಾರಿಗೂ ಹೇಳಲಿಲ್ಲ. ತಿಂಗಳ ಲೆಕ್ಕ ಇಟ್ಟುಕೊಂಡು, ದಿನ ಬಂದಾಗ "ಅತ್ತೆ, ನಾನು ಹೊರಗೆ" ಎಂದು ಹೇಳಿ ಸೈಕಲ್ ಹತ್ತುತ್ತಿದ್ದಳು. ಸುಳ್ಳು ಹೇಳುವುದು ಅವಳಿಗೆ ಹಿಡಿಸಲಿಲ್ಲ, ಆದರೆ ಸೈಕಲ್ ಬಿಡುವುದು ಅದಕ್ಕಿಂತ ಹಿಡಿಸಲಿಲ್ಲ.

ಮುಳಬಾಗಿಲಿನಲ್ಲಿ ಅವಳ ಸೈಕಲ್ ನೋಡಿಕೊಳ್ಳುತ್ತಿದ್ದವನು ಅಕ್ಬರ್. ಚಕ್ರದ ಓಲಾಟವನ್ನು ಕಿವಿಯಲ್ಲೇ ಕೇಳಿ ಸರಿಪಡಿಸುವ ಆಸಾಮಿ. ಈ ವರ್ಷ ಮಳೆಗಾಲದ ನಡುವೆ ಅವನೇ ಸುದ್ದಿ ಕೊಟ್ಟ.

"ಅಕ್ಕಾ, ನಿಮ್ ಪೇಪರಿನ ದಾರಿ ಇದೆಯಲ್ಲ, ಮನಾಲಿ ಲೇಹ್. ಬೆಂಗಳೂರಿಂದ ಹೆಂಗಸರೇ ಒಂದು ಗುಂಪು ಹೋಗ್ತಿದಾರೆ. ಗೇರ್ ಸೈಕಲ್ ಅಲ್ಲೇ ಬಾಡಿಗೆಗೆ ಸಿಗ್ತದೆ. ಒಂದು ಸೀಟು ಖಾಲಿ ಇದೆ. ಹೋಗಿ ಬರೋಕೆ ಹದಿನೆಂಟು ದಿನ."

"ಹದಿನೆಂಟಾ?"

"ಕ್ಯಾ ಅಕ್ಕಾ, ಇಪ್ಪತ್ತು ವರ್ಷ ತುಳಿದಿದೀರ. ಹದಿನೆಂಟಕ್ಕೆ ಹೆದರ್ತೀರಾ?"

ಡೇರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು ಅವಳ ಹತ್ತಿರ ಇತ್ತು. ಸೀಟು ಹಿಡಿದಳು. ಮನೆಯಲ್ಲಿ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಮೂರು ದಿನದ ನೆಪದಲ್ಲಿ ಮನೆ ಬಿಡುವುದು, ದೆಹಲಿ ತಲುಪಿದ ಮೇಲೆ ಫೋನ್ ಮಾಡುವುದು. ಕಳ್ಳರ ಉಪಾಯ. ಅವಳಿಗೇ ನಾಚಿಕೆಯಾಗುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಒಂದು ದಿನ ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳದ ಹಸಿವು ಹೇಳತೀರದು. ಇನ್ನು ಏಳೆಂಟು ದಿನ ತಿಂದು ತಿಂದು ಆಮೇಲೆ ಗೂಡು ಕಟ್ಟಬೇಕು. ಸುನಂದ ಚೀಲ ಹಿಡಿದು ಜಗಲಿಗೆ ಬಂದರೆ ಅಲ್ಲಿ ಚಾಪೆಯ ಮೇಲೆ ಚಂದನ ಕೂತಿದ್ದಳು. ಡಿಗ್ರಿ ಪರೀಕ್ಷೆ ಮುಗಿಸಿ ಕೋಲಾರದ ಹಾಸ್ಟೆಲ್ಲಿನಿಂದ ರಜಕ್ಕೆ ಬಂದವಳು. ಹೈಸ್ಕೂಲಿನಿಂದಲೂ ಹಾಸ್ಟೆಲ್ಲಿನಲ್ಲೇ ಓದಿದವಳಿಗೆ ಜಗಲಿಯ ಸರದಿ ಇದೇ ಮೊದಲು. ಮುಂದೆ ತಟ್ಟೆ, ಲೋಟ.

"ಬೆಳಿಗ್ಗೆ ಆಯ್ತಮ್ಮ. ಅಜ್ಜಿ ಇಲ್ಲಿ ಕೂರಿಸಿದ್ರು" ಎಂದಳು, ತಲೆ ತಗ್ಗಿಸಿ.

ಭಾರತಮ್ಮ ಹುಳದ ಮನೆಯ ಕಡೆಯಿಂದ ಬಂದರು. ಹಿಂದೆ ಅಮರನಾಥ್ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ, ಆಂಜಿನಪ್ಪ ಕೈಕಟ್ಟಿ ನಿಂತಿದ್ದ.

"ಎಲ್ಲಿಗೆ?" ಎಂದರು ಅತ್ತೆ.

"ನಾನು ಹೊರಗೆ ಅತ್ತೆ."

"ಸುಳ್ಳು ಹೇಳ್ಬೇಡ ಸುನಂದ. ಹನ್ನೊಂದು ತಿಂಗಳಿಂದ ಬೇಲಿ ಮೇಲೆ ನಿನ್ ಬಟ್ಟೆ ಒಣಗಿದ್ದು ನಾನು ನೋಡಿಲ್ಲ. ನಂಗೆ ಕಣ್ಣಿಲ್ವಾ?"

ಆಂಜಿನಪ್ಪ ಕಿಸಕ್ಕನೆ ನಕ್ಕ. ಆದರೆ ಭಾರತಮ್ಮ ಬೈಯಲು ಬಂದಿರಲಿಲ್ಲ. ಸೊಂಟದಿಂದ ಹುಳದ ಮನೆಯ ಬೀಗದ ಕೈ ತೆಗೆದು ಮುಂದೆ ಚಾಚಿದರು. ಧ್ವನಿಯೂ ಮೆತ್ತಗಾಗಿತ್ತು.

"ತಗೋ. ನಂಗೂ ನಿಂತ್ಮೇಲೇ ನಮ್ಮತ್ತೆ ಕೊಟ್ಟಿದ್ದು ಇದನ್ನ. ಇನ್ಮೇಲೆ ಹುಳದ ಮನೆಗೆ ನೀನೇ ಯಜಮಾನಿ. ತಿಂಗಳು ಪೂರ್ತಿ ಒಳಗೇ ಇರ್ಬಹುದು. ಜಗಲಿ ಇನ್ನು ಚಂದನಂಗೆ."

ಮರ್ಯಾದೆಯ ಬೀಗದ ಕೈ! ಬೇರೆ ಯಾವ ಸೊಸೆಯಾದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಸುನಂದ ಅದನ್ನು ನೋಡಿದಳು, ಜಗಲಿಯ ಮೇಲೆ ಮುದುಡಿ ಕೂತ ಮಗಳನ್ನು ನೋಡಿದಳು. ಇಪ್ಪತ್ತು ವರ್ಷ ತಾನು ಈ ಕಟ್ಟಳೆಯನ್ನು ಗೆದ್ದೆ ಅಂದುಕೊಂಡಿದ್ದಳಲ್ಲ, ಗೆದ್ದಿರಲಿಲ್ಲ. ಅದರ ಅನ್ನ ಉಂಡು ಅದನ್ನೇ ಸಾಕಿದ್ದಳು.

"ಅತ್ತೆ, ಮೂರು ವರ್ಷದ ಹಿಂದೆ ನೀವು ಚಿಕೂನ್‌ಗುನ್ಯಾ ಬಂದು ಮಲಗಿದ್ರಿ. ಜ್ಞಾಪಕ ಇದೆಯಾ? ಹುಳ ಮೇವು ಮುಗಿಸಿ ಹಣ್ಣಾಗಿತ್ತು, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡೋರು ಯಾರೂ ಇರ್ಲಿಲ್ಲ."

"ನೀನೇ ಬಿಟ್ಟೆ. ಅಂಥ ಗೂಡು ಈ ಮನೇಲಿ ಯಾವತ್ತೂ ಆಗಿರ್ಲಿಲ್ಲ. ಮಾರ್ಕೆಟ್ಟಲ್ಲೆಲ್ಲ ಹೊಗಳಿದ್ರು."

"ಆ ಮೂರು ದಿನಾನೂ ನಾನು ಮುಟ್ಟಾಗಿದ್ದೆ."

ಭಾರತಮ್ಮನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

"ಒಂದೊಂದು ಹುಳನೂ ಇದೇ ಕೈಯಲ್ಲಿ ಎತ್ತಿ ಬಿಟ್ಟಿದ್ದು. ಒಂದಕ್ಕಾದ್ರೂ ರೋಗ ಬಂತಾ? ಆವಾಗ್ಲೇ ಹೇಳ್ಬೇಕಿತ್ತು. ಹೇಳಿದ್ರೆ ನನ್ ಮೂರು ದಿನ ಹೋಗತ್ತೆ ಅಂತ ಬಾಯಿ ಮುಚ್ಕೊಂಡೆ. ಅದು ನನ್ ತಪ್ಪು. ಇವತ್ತಿಗೆ ಸಾಕು." ಸುನಂದ ಬೀಗದ ಕೈ ತೆಗೆದುಕೊಂಡು ಮಗಳ ಕೈಯಲ್ಲಿಟ್ಟಳು. "ಏಳೇ. ಹೋಗಿ ಸೊಪ್ಪು ಹಾಕು."

ಭಾರತಮ್ಮ ದಡದಡನೆ ಹೋಗಿ ಹುಳದ ಮನೆಯ ಹೊಸಲಿನ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಎಪ್ಪತ್ತೆರಡು ವರ್ಷದ ಮುದುಕಿ, ಆದರೆ ಆ ಬಾಗಿಲಿಗೆ ಅಷ್ಟು ಗಟ್ಟಿಯಾದ ಅಗಣಿ ಯಾವತ್ತೂ ಇರಲಿಲ್ಲ. "ನನ್ನ ದಾಟ್ಕೊಂಡು ಹೋಗ್ಲಿ ನೋಡ್ತೀನಿ!"

"ಅತ್ತಿಗೆ, ಹುಳ ಸಾಯುತ್ತೆ, ನೀವೇ ಹಾಕಿ ಮೊದ್ಲು!" ಎಂದು ಆಂಜಿನಪ್ಪ ಕೂಗಿದ.

"ನಾನು ಹಾಕಲ್ಲ. ನನ್ನ ಬಸ್ಸಿಗೆ ಹೊತ್ತಾಯ್ತು. ಚಂದನ ಹಾಕ್ತಾಳೆ, ಇಲ್ಲಾ ಯಾರೂ ಹಾಕಲ್ಲ. ನಿಂಗೆ ಸೊಪ್ಪು ಹಾಕೋಕೆ ಬರುತ್ತಾ? ಬಂದಿದ್ರೆ ಇಷ್ಟು ವರ್ಷ ಎಲ್ಲಿದ್ದೆ?"

ಕಿಟಕಿಯ ಜಾಲರಿಯಿಂದ ಒಳಗಿನ ತಟ್ಟೆಗಳು ಕಾಣುತ್ತಿದ್ದವು. ಹಸಿದ ಹುಳಗಳು ತಲೆ ಮೇಲೆತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಸಾವಿರಾರು. ಅಮರನಾಥ್ ಇಡೀ ಜನ್ಮದಲ್ಲಿ ಹೆಂಡತಿಯ ಪರವಾಗಿಯೂ ಮಾತಾಡಿದವನಲ್ಲ, ವಿರುದ್ಧವಾಗಿಯೂ ಮಾತಾಡಿದವನಲ್ಲ. ಈಗಲೂ ಮಾತಾಡಲಿಲ್ಲ. ಹೊತ್ತಿದ್ದ ಹೊರೆಯನ್ನು ಇಳಿಸಿ, ಬುಟ್ಟಿಗೆ ಸೊಪ್ಪು ತುಂಬಿ, ಮಗಳ ತೋಳಿನ ಮೇಲಿಟ್ಟ. ಚಂದನ ಬುಟ್ಟಿ ಹಿಡಿದು ಅಜ್ಜಿಯ ಮುಂದೆ ನಿಂತಳು. ಹಿಂದಕ್ಕೆ ಹೋಗಲಿಲ್ಲ.

ಭಾರತಮ್ಮ ತಿರುಗಿ ಒಳಗೆ ನೋಡಿದರು. ಐವತ್ತು ವರ್ಷ ಹುಳ ಸಾಕಿದ ಹೆಂಗಸು. ನಾಲ್ಕನೇ ಜ್ವರ ಕಳೆದ ಹಸಿವಿಗೆ ಈ ವಯಸ್ಸಿನಲ್ಲಿ ತಾವೊಬ್ಬರೇ ಸೊಪ್ಪು ಹಾಕಿ ಪೂರೈಸಲಾರರೆಂದು ಅವರಿಗೆ ಗೊತ್ತು. ತಾವು ಉಪವಾಸ ಇದ್ದಾರು, ಹುಳ ಹಸಿದಿರುವುದನ್ನು ನೋಡಿ ಕೂರುವ ಶಕ್ತಿ ಅವರಿಗಿರಲಿಲ್ಲ. ತುಂಬ ಹೊತ್ತಿನ ಮೇಲೆ ಒಂದು ಮೊಣಕಾಲನ್ನು ಮಡಚಿದರು, ಆಮೇಲೆ ಇನ್ನೊಂದನ್ನು. ಚಂದನ ಒಳಗೆ ಹೋದಳು.

ಸುನಂದ ಚೀಲ ಹೆಗಲಿಗೆ ಹಾಕಿದಳು.

"ಎಷ್ಟು ದೂರ ಹೋಗ್ತೀಯೇ?" ಎಂದರು ಭಾರತಮ್ಮ, ಮುಖ ಎತ್ತದೆ.

"ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು ಅಂತ ನೀವೇ ಹೇಳಿದ್ರಲ್ಲ ಅತ್ತೆ" ಎಂದು ಸುನಂದ ಹೊರಟಳು. ನೆಪವಿಲ್ಲದೆ, ಸುಳ್ಳಿಲ್ಲದೆ ಆ ಮನೆಯ ಗೇಟು ದಾಟಿದ್ದು ಅದೇ ಮೊದಲು.

ದಾರಿಯನ್ನು ಏನೆಂದು ಹೇಳುವುದು. ಮನಾಲಿ ಬಿಟ್ಟ ಮೂರನೇ ದಿನಕ್ಕೆ ಮರಗಳು ಮುಗಿದವು, ಹುಲ್ಲು ಮುಗಿಯಿತು, ಕೊನೆಗೆ ಫೋನಿನ ಸಿಗ್ನಲ್ಲೂ ಮುಗಿಯಿತು. ಪೇಪರಿನ ಹಾಳೆಯಲ್ಲಿ ಇದ್ದಂಥದ್ದೇ ಬೋಳು ಬೆಟ್ಟ, ಆದರೆ ಹಾಳೆಯಲ್ಲಿ ಗಾಳಿ ಇರಲಿಲ್ಲ. ಇಲ್ಲಿನ ಗಾಳಿ ಸೈಕಲ್ಲನ್ನು ತುಳಿಯುವವಳ ಸಮೇತ ಪಕ್ಕಕ್ಕೆ ಎತ್ತಿ ಇಡುತ್ತಿತ್ತು. ಗುಂಪಿನಲ್ಲಿ ಅವಳೇ ಹಿರಿಯಳು. ಏರಿನಲ್ಲಿ ನಾಲ್ಕು ಸುತ್ತು ತುಳಿದರೆ ಉಸಿರಿಗಾಗಿ ಬಾಯಿ ತೆರೆಯಬೇಕಾಗಿತ್ತು. ಕೆಲವು ಕಡೆ ಇಳಿದು ತಳ್ಳಿದಳು. ಜೊತೆಗಿದ್ದ ವ್ಯಾನಿನವನು "ಹತ್ತಿ ಆಂಟಿ" ಎಂದಾಗ ಮಾತ್ರ ಅವನನ್ನು ಎಂಥ ನೋಟ ನೋಡಿದಳೆಂದರೆ ಅವನು ಎರಡನೇ ಸಲ ಕೇಳಲಿಲ್ಲ. ಒಳಗೊಂದು ಹೆದರಿಕೆ ಮಾತ್ರ ಜೊತೆಗೇ ಬರುತ್ತಿತ್ತು. ಬೆಳೆ ಕೈಬಿಟ್ಟರೆ ಪಾಪ ಮಗಳ ತಲೆಗೆ ಬರುತ್ತದೆ. ಹುಳಕ್ಕೆ ರೋಗ ಬರಲು ನೂರು ಕಾರಣ, ಆದರೆ ಈ ಸಲ ಬಂದರೆ ಎಲ್ಲರೂ ಒಂದೇ ಕಾರಣ ಹೇಳುತ್ತಾರೆ.

ಕೊನೆಯ ಘಾಟಿಯನ್ನು ಇಳಿದ ಮೇಲೆ, ಲೇಹ್ ಇನ್ನೊಂದು ದಿನದ ದಾರಿ ಇರುವಾಗ, ಗುಂಪಿನ ನಾಯಕಿಯ ಫೋನಿಗೆ ಸಿಗ್ನಲ್ ಬಂತು. ಸುನಂದ ಅದನ್ನು ಇಸಿದುಕೊಂಡು ಮನೆಗೆ ಮಾಡಿದಳು. ಎತ್ತಿದವರು ಭಾರತಮ್ಮ.

"ಅತ್ತೆ, ಗೂಡು?"

"ನಿನ್ನೆ ಬಿಡಿಸಿದ್ವಿ" ಎಂದರು ಭಾರತಮ್ಮ. "ಗಟ್ಟಿ ಗೂಡು. ಅವಳ ಕೈ ನಿನ್ ಕೈಗಿಂತ ಚೊಕ್ಕ."

ಸುನಂದ ಅಲ್ಲೇ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ಅಳು ಬಂತು, ಒರೆಸಿಕೊಳ್ಳಲಿಲ್ಲ.

"ಹಂಗಾದ್ರೆ ಇನ್ಮೇಲೆ ಚಂದನ ಜಗಲಿ ಮೇಲೆ ಕೂರಲ್ಲ ಅತ್ತೆ. ಹೇಳ್ಬಿಟ್ಟಿದೀನಿ."

"ಕೂರೋದು ಬೇಡ ಬಿಡು." ಭಾರತಮ್ಮ ಫೋನ್ ಇಡಲಿಲ್ಲ. ಆಮೇಲೆ ಬಂದ ದನಿ ಸುನಂದ ಇಪ್ಪತ್ತೆರಡು ವರ್ಷದಲ್ಲಿ ಕೇಳಿದ್ದಲ್ಲ. "ನಾನು ಮೂವತ್ತು ವರ್ಷ ಕೂತಿದ್ದೆ ಕಣೇ ಆ ಜಗಲಿ ಮೇಲೆ. ಎಲ್ಲೂ ಹೋಗ್ಲಿಲ್ಲ. ಸುಮ್ನೆ ಕೂತಿದ್ದೆ."