ಜುಬೇದಾ ಆಂಟಿಯ ಟೌನ್ಸ್

ಬಿಸಿಯಾದ ಹಳೆಯ ಪ್ಲಾಸ್ಟಿಕ್ಕಿಗೆ ಅದರದೇ ಒಂದು ವಾಸನೆಯಿದೆ, ಧೂಳು ಕೂತ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ. ಹೋದ ಶನಿವಾರ ನಮ್ಮ ನ್ಯೂಜೆರ್ಸಿಯಲ್ಲಿ ಹಳೆಯ ಕಂಪ್ಯೂಟರುಗಳ ಮೇಳವಿತ್ತು. ಇಂಥದಕ್ಕೂ ಒಂದು ಮೇಳವೇ ಎಂದು ನೀವು ನಗಬಹುದು. ನನ್ನ ಹೆಂಡತಿಯೂ ನಕ್ಕಳು. ಅಲ್ಲಿ ಒಂದು ಮೇಜಿನ ಮುಂದೆ ಆ ವಾಸನೆ ಮೂಗಿಗೆ ಬಡಿದು ನಿಂತುಬಿಟ್ಟೆ. ಬೂದು ಬಣ್ಣದ, ನೆಟ್ಟಗೆ ನಿಂತ ಪೆಟ್ಟಿಗೆ, ಎದೆಯ ಮೇಲೆ ಸಿ.ಡಿ. ಹಾಕುವ ಬಾಗಿಲು. ಜಪಾನಿನ ಎಫ್‌ಎಂ ಟೌನ್ಸ್ ಎಂಬ ಕಂಪ್ಯೂಟರ್. ಅದನ್ನು ನಾನು ಇದಕ್ಕೆ ಮುಂಚೆ ನೋಡಿದ್ದು ಒಂದೇ ಕಡೆ, ನ್ಯೂಯಾರ್ಕಿನ ಪಕ್ಕದ ಜೆರಿಕೋದಲ್ಲಿ, ಜುಬೇದಾ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜಗತ್ತು ಹೆದರಿ ಕೂತಿದ್ದ ಕಾಲ. ನಮ್ಮಂಥವರಿಗೆ ಆ ಹೆದರಿಕೆಯೇ ಅನ್ನ. ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಕುಳಿತು ಹಳೆಯ ಪ್ರೋಗ್ರಾಮುಗಳ ತಾರೀಖು ತಿದ್ದುತ್ತಿದ್ದ ನಾನು, ಲೋಕವನ್ನು ಉಳಿಸುತ್ತಿದ್ದೇನೆ ಎಂದೇ ನಂಬಿದ್ದೆ. ಮದುವೆಯಾಗಿರಲಿಲ್ಲ, ಅಡುಗೆ ಬರುತ್ತಿರಲಿಲ್ಲ. ಹಾಗಾಗಿ ಕನ್ನಡ ಸಂಘದ ಮಕ್ಕಳ ನಾಟಕಕ್ಕೆ ಸಂಗೀತದ ಹೊಣೆ ಹೊರುತ್ತೀಯಾ ಎಂದು ಸಂಘದವರು ಕೇಳಿದಾಗ, ತಾಲೀಮಿನ ಮನೆಯಲ್ಲಿ ಊಟವಿದೆ ಎಂದು ತಿಳಿದುಕೊಂಡೇ ಒಪ್ಪಿದೆ.

ಆ ಮನೆ ಇಕ್ಬಾಲ್ ಅಂಕಲ್ ಮತ್ತು ಜುಬೇದಾ ಆಂಟಿಯದು. ಮೈಸೂರಿನವರು. ಅಂಕಲ್ ಎಂಜಿನಿಯರ್, ಬಹಳ ವರ್ಷ ಜಪಾನಿನಲ್ಲಿದ್ದು ಬಂದವರು. ಆಂಟಿಯ ಕೈಮಾ ಉಂಡೆಯ ಸಾರಿಗಾಗಿ ನಾನು ಎರಡು ಗಂಟೆ ಡ್ರೈವ್ ಮಾಡಿದ್ದೇನೆ. ಟ್ರಾಫಿಕ್ಕಿದ್ದ ದಿನ ಮೂರು.

ನಾಟಕಕ್ಕೆ ಹತ್ತು ದಿನವಿದೆ ಎನ್ನುವಾಗ ಹಾರ್ಮೋನಿಯಂ ನುಡಿಸುವವರನ್ನು ಅವರ ಆಫೀಸು ಟೆಕ್ಸಾಸಿಗೆ ಕಳಿಸಿತು. ಆನೆಯ ಮದುವೆಯ ನಾಟಕ. ಓಲಗ ಬೇಕು, ಮಳೆ ಬೇಕು, ಆನೆ ಘೀಳಿಡಬೇಕು. ನನ್ನ ಬಳಿ ಇದ್ದದ್ದು ಒಂದು ಜೊತೆ ತಾಳ. ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಆಂಟಿ ಚಹಾ ತಂದಿಟ್ಟು, "ಬೇಸ್‌ಮೆಂಟಲ್ಲಿ ಟೌನ್ಸ್ ಇದೆಯಲ್ಲ, ಅದರಲ್ಲಿ ಮಾಡಬಹುದು," ಎಂದರು.

ಕೆಳಗಿಳಿದು ನೋಡಿದೆ. ಹತ್ತು ವರ್ಷ ಹಳೆಯದು. ವೇಗ ನನ್ನ ಆಫೀಸಿನ ಯಂತ್ರದ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಕೀಲಿಗಳ ಮೇಲೆಲ್ಲ ಜಪಾನಿ ಅಕ್ಷರ. ನಾನು ಜೊತೆಗೆ ಇಳಿದು ಬಂದಿದ್ದ ಅಂಕಲ್ ಕಡೆ ತಿರುಗಿ ಏನೇನೋ ಕೇಳಿದೆ.

"ನಂಗೇನು ಗೊತ್ತಪ್ಪ," ಎಂದರು ಅಂಕಲ್. "ಅದರಲ್ಲಿ ಸಿ.ಡಿ. ಹಾಕಿ, ಮೈಕ್ ಹಿಡ್ಕೊಂಡು ಹಾಡು ಹೇಳೋದು ಒಂದೇ ನಾನು ಕಲ್ತಿದ್ದು. ಅವಳನ್ನ ಕೇಳು."

ಕೇಳಬೇಕಿತ್ತು. ನಾನು ಕೇಳಲಿಲ್ಲ, ಹೇಳಿಕೊಟ್ಟೆ. "ಫೈಲ್ ಅಂದ್ರೆ ಡಬ್ಬಿ ಇದ್ದ ಹಾಗೆ ಆಂಟಿ. ಉಪ್ಪಿಗೊಂದು, ಸಾರಿನಪುಡಿಗೊಂದು." ಆಂಟಿ ಪೂರ್ತಿ ಕೇಳಿಸಿಕೊಂಡು, "ಹೌದಾ," ಎಂದು ಕುರ್ಚಿ ಎಳೆದು ಕೂತರು. ಆಮೇಲೆ ಅವರ ಬೆರಳು ಓಡಿದ ವೇಗಕ್ಕೆ ನನ್ನ ಬಾಯಿ ತಾನಾಗಿ ಮುಚ್ಚಿತು.

ಮೈಸೂರಿನ ಬಿ.ಎಸ್ಸಿ. ಪದವೀಧರೆ. ಜಪಾನಿನ ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬರೇ. ಮಾತಾಡಲು ಜನವಿಲ್ಲದೆ ಈ ಯಂತ್ರದ ಕೈಪಿಡಿಯನ್ನೇ ಇಟ್ಟುಕೊಂಡು ಜಪಾನಿ ಲಿಪಿ ಕಲಿತರಂತೆ, ಲಿಪಿ ಬಂದ ಮೇಲೆ ಪ್ರೋಗ್ರಾಮ್ ಬರೆಯುವುದನ್ನೂ. "ಆರು ಸ್ವರ ಇದೇ ಹುಟ್ಟಿಸುತ್ತೆ," ಎಂದರು. "ಅದರ ಮೇಲೆ ನಾವು ರೆಕಾರ್ಡ್ ಮಾಡಿದ ಎಂಟು ಸದ್ದು ಒಟ್ಟಿಗೆ ನುಡಿಸಬಹುದು. ಆದ್ರೆ ಆ ಸದ್ದಿಗೆಲ್ಲ ಸೇರಿ ಇರೋ ಜಾಗ ಮೂರ್ನಾಲ್ಕು ಸೆಕೆಂಡು ಅಷ್ಟೆ. ದುಂದು ಮಾಡೋ ಹಾಗಿಲ್ಲ."

ಒಂದು ವಾರ ಆ ಮನೆಯಲ್ಲಿ ಸದ್ದಿನ ಬೇಟೆ ನಡೆಯಿತು. ಕಾದ ಕಾವಲಿಗೆ ನೀರು ಚಿಮುಕಿಸಿದ್ದು ಮಳೆಯಾಯಿತು. ಪಾತ್ರೆ ತಿರುವಿ ಹಾಕಿ ಬಡಿದದ್ದು ಡೋಲು. ಆನೆ ಮಾತ್ರ ಸಿಗಲಿಲ್ಲ. ಕೊನೆಗೆ ನನಗೊಂದು ಸೀನು ಬಂತು. ನಮ್ಮ ವಂಶದ ಸೀನು, ಬೀದಿಗೆ ಕೇಳುವಂಥದು. ಆಂಟಿ ಮೈಕನ್ನು ಚಾಚಿ ಅದನ್ನು ಹಿಡಿದೇ ಬಿಟ್ಟರು, ನಿಧಾನ ಮಾಡಿ ನುಡಿಸಿದರು. ಮಹಡಿಯ ಮೇಲಿದ್ದ ಅಂಕಲ್ ಚಪ್ಪಲಿ ಕೂಡ ಹಾಕದೆ ಓಡಿ ಬಂದರು.

ನಾಟಕದ ದಿನ ಆನೆಯಾಗಿದ್ದ ಹುಡುಗಿಗೆ ಮಾತು ಮರೆತುಹೋಯಿತು. ಕಿಕ್ಕಿರಿದ ಸಭೆಯ ಮುಂದೆ ಮಗುವಿನ ಕಣ್ಣು ತುಂಬುತ್ತಿತ್ತು. ರಂಗದ ಪಕ್ಕದಲ್ಲಿದ್ದ ಆಂಟಿ ಒಂದು ಕೀಲಿ ಒತ್ತಿದರು, ಆನೆ ಘೀಳಿಟ್ಟಿತು. ಹುಡುಗಿ ಬೆಚ್ಚಿ ಸೊಂಡಿಲೆತ್ತಿದಳು. ಇನ್ನೊಮ್ಮೆ ಒತ್ತಿದರು, ಈ ಸಲ ಸಣ್ಣಗೆ, ಮರಿಯಾನೆಯ ಹಾಗೆ. ಹುಡುಗಿ ನಕ್ಕಳು, ಸಭೆ ನಕ್ಕಿತು, ಮಾತು ನೆನಪಾಯಿತು.

ಕೊನೆಯಲ್ಲಿ ಸಂಘದವರು ಮೈಕಿನಲ್ಲಿ, ಇಕ್ಬಾಲ್ ಅವರ ಕಂಪ್ಯೂಟರಿಗೂ ಅದನ್ನು ನಡೆಸಿದ ನನಗೂ ವಂದನೆ ಹೇಳಿದರು. ಚಪ್ಪಾಳೆ ಬಿತ್ತು. ಸುಮ್ಮನಿದ್ದರೆ ಆ ಚಪ್ಪಾಳೆ ನನ್ನದೇ. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಇದನ್ನು ನಿಮಗಲ್ಲದೆ ಯಾರಿಗೂ ಹೇಳಿಲ್ಲ. ಆಮೇಲೆ ಮೈಕ್ ಇಸಿದುಕೊಂಡು, "ಪ್ರೋಗ್ರಾಮೆಲ್ಲ ಜುಬೇದಾ ಆಂಟಿದು. ಸೀನು ಮಾತ್ರ ನಂದು," ಎಂದೆ.

ವಾಪಸು ಬರುವಾಗ ಕಾರಿನಲ್ಲಿ ಆಂಟಿ ಮೆಲ್ಲಗೆ ಹೇಳಿದರು: "ಗ್ರೀನ್ ಕಾರ್ಡ್ ಬಂದು ವರ್ಷ ಆಯ್ತು. ಎಲ್ಲಿ ಅಪ್ಲೈ ಮಾಡಿದ್ರೂ, ಇಲ್ಲಿ ಕೆಲಸ ಮಾಡಿದ ಅನುಭವ ಇದೆಯಾ ಅಂತಾರೆ." ಸೋಮವಾರ ಅವರ ಅರ್ಜಿಯನ್ನು ನನ್ನ ಮ್ಯಾನೇಜರ್ ಮುಂದಿಟ್ಟು, ಮೂರು ಸೆಕೆಂಡಿನ ಜಾಗದಲ್ಲಿ ಒಂದು ಮದುವೆ ದಿಬ್ಬಣ ಹಿಡಿಸಿದವರು ಇವರು ಎಂದೆ. ಅವನಿಗೆ ನಗು ಬಂತು, ಆದರೆ ಕರೆಸಿದ. ನಮ್ಮ ಮ್ಯಾನ್‌ಹಟನ್ ಆಫೀಸಿನಲ್ಲಿ ಕೆಲಸವಾಯಿತು. ಮೊದಲ ವಾರವೇ ನನ್ನ ಪ್ರೋಗ್ರಾಮಿನಲ್ಲಿ ಎರಡು ತಪ್ಪು ಹಿಡಿದರು. ಮೂರನೆಯ ವರ್ಷ ನನಗೇ ಮ್ಯಾನೇಜರ್ ಆದರು.

ಮೇಳದಿಂದಲೇ ಆಂಟಿಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಅವರು ಈಗ ನಿವೃತ್ತರು. ಟೌನ್ಸ್ ಕಂಡೆ ಎಂದು ಒಂದೇ ಉಸಿರಿಗೆ ಹೇಳಿದರೆ, "ಪಾಪ, ಒಳ್ಳೇದಿತ್ತು," ಎಂದಷ್ಟೇ ಹೇಳಿ ಮುಂದಕ್ಕೆ ಹೋದರು. "ಭಾನುವಾರ ಬನ್ನಿ. ಚೆಸ್ ಆಡೋ ರೋಬಾಟ್ ಕೈ ಒಂದು ಮಾಡ್ತಾ ಇದೀನಿ. ಕುದುರೇನ ಎತ್ತಿ ಎತ್ತಿ ಬೀಳಿಸುತ್ತೆ."

"ನಂಗೆ ಅದೆಲ್ಲ ಏನೂ ಗೊತ್ತಿಲ್ಲ ಆಂಟಿ," ಎಂದೆ.

"ಗೊತ್ತಿಲ್ಲ ಅಂತ ನೀವಾಗೇ ಹೇಳಿದ್ದು ಇದೇ ಮೊದಲು," ಎಂದು ನಕ್ಕರು. "ಬನ್ನಿ, ಹೇಳಿಕೊಡ್ತೀನಿ."

ಮೇಳದಲ್ಲಿ ಇನ್ನೂ ನೋಡುವುದು ಬೇಕಾದಷ್ಟಿತ್ತು. ಹೊರಗೆ ಬಂದೆ. ಮನೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಆಂಟಿಯ ಪಾಠ ಬರೆದುಕೊಳ್ಳಲು ಒಂದು ಹೊಸ ನೋಟ್‌ಬುಕ್ ಕೊಂಡುಕೊಂಡೆ.