ಲೇಡೀಜ್ ಸೈಕಲ್ಲಿಗೊಂದು ಬಿದಿರಿನ ಕೋಲು

ನನ್ನ ಹೊಸ ಸೈಕಲ್ಲು ಮನೆಗೆ ಬಂದ ಮರುದಿನವೇ ನಮ್ಮ ಅತ್ತೆಯವರು ಅದಕ್ಕೊಂದು ಬಿದಿರಿನ ಕೋಲು ಕಟ್ಟಿದರು. ಸೀಟಿನ ಕೆಳಗಿನಿಂದ ಹ್ಯಾಂಡಲಿನ ತನಕ, ಅಡ್ಡಲಾಗಿ, ಎರಡೂ ಕಡೆ ಸುತಳಿಯಿಂದ ಬಿಗಿದು. ಏಕೆ ಅಂತೀರಿ? ಲೇಡೀಜ್ ಸೈಕಲ್ಲು ಗಂಡಸರ ಸೈಕಲ್ಲಿನ ಹಾಗೆ ಕಾಣಲಿ ಅಂತ.

"ಗಂಡಸೂರ ಸೈಕಲ್ ಬಾಗಲಾಗ ನಿಂತ್ರ ಯಾರೂ ಏನೂ ಅನ್ನೂದಿಲ್ಲ," ಅಂದರು. "ಹೆಂಗಸೂರ ಸೈಕಲ್ ನಿಂತ್ರ ಊರ ಬಂದು ನಿಂತು ನೋಡ್ತೈತಿ."

"ಮತ್ತ ನಾ ಹೆಂಗ ಹತ್ತಬೇಕ್ರಿ ಅತ್ತಿ?"

"ಹತ್ತೂ ಮುಂದ ಬಿಚ್ಚು. ಇಳದ ಮ್ಯಾಲ ಕಟ್ಟು."

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. (ಅವರ ಮುಂದೆ ಅಲ್ಲ, ಅಡುಗೆ ಮನೆಗೆ ಹೋಗಿ.) ಆದರೆ ನಮ್ಮ ಮನೆಯಲ್ಲಿ ಆ ಸೈಕಲ್ಲಿನ ವಿಷಯ ನಗುವ ವಿಷಯವಾಗಿರಲಿಲ್ಲ.

ಈ ಅಂಕಣ ಓದುವವರಿಗೆ ಗೊತ್ತಿರುವ ಹಾಗೆ ನಾನು ಶಲವಡಿಯ ಸೊಸೆ, ಪ್ರಾಥಮಿಕ ಶಾಲೆಯ ಅಕ್ಕೋರು. ಶಾಲೆ ಇರುವುದು ಬಾಜೂ ಊರಿನಲ್ಲಿ. (ಆ ಊರಿನ ಹೆಸರು ಬರೆದರೆ ಅಲ್ಲಿಯ ಹಿರಿಯರು ನನ್ನನ್ನು ಕರೆಸಿ ಕೇಳುತ್ತಾರೆ, ಹಾಗಾಗಿ ಬೇಡ.) ಮೊದಲು ಆ ಕಡೆ ಒಂದು ಬಸ್ಸು ಹೋಗುತ್ತಿತ್ತು. ಈಗ ಅದು ಬೇರೆ ಹಾದಿ ಹಿಡಿದಿದೆ. ಹೊಲದ ಹಾದಿಯಲ್ಲಿ ನಡೆದು ಹೋದರೆ ನಾನು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮೊದಲನೆಯ ಪಾಠ ಅರ್ಧ ಆಗಿರುತ್ತದೆ. ಅಲ್ಲೇ ಮನೆ ಮಾಡೋಣವೆಂದರೆ ನಮ್ಮ ಮನೆಯವರ ಸೊಸೈಟಿ ನೌಕರಿ ಶಲವಡಿಯಲ್ಲಿ. ಉಳಿದದ್ದು ಎರಡೇ ದಾರಿ. ಸೈಕಲ್ಲು, ಇಲ್ಲವೇ ರಾಜೀನಾಮೆ.

ನನಗೆ ನೌಕರಿ ಬೇಕು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಹಲಗೆಯ ಮುಂದೆ ಖಡು ಹಿಡಿದು ನಿಂತಾಗ ನನಗೆ ಆಗುವ ಖುಷಿ ಒಲೆಯ ಮುಂದೆ ಆಗುವುದಿಲ್ಲ. ಸೈಕಲ್ಲು ಹೊಡೆಯುವುದನ್ನು ಧಾರವಾಡದಲ್ಲಿ ಟ್ರೇನಿಂಗಿಗೆ ಇದ್ದಾಗಲೇ ಕಲಿತಿದ್ದೆ.

ಅತ್ತೆಯವರು ಬೇಡ ಅನ್ನಲಿಲ್ಲ. ಕರಾರು ಹಾಕಿದರು.

"ಹೊಡಿ. ಆದ್ರ ಮಳಿಗಾಲದಾಗ ಸೈಕಲ್ ಹೆಗಲ ಮ್ಯಾಲ ಹೊತ್ಕೊಂಡು ಮನಿಗೆ ಬಂದ್ಯಂದ್ರ, ಅವತ್ತ ರಾಜೀನಾಮಿ ಬರದು ಕೊಡಬೇಕು."

ನಾನು ಹೂಂ ಅಂದೆ. ಬೇಸಿಗೆಯಲ್ಲಿ ಹೂಂ ಅನ್ನುವುದು ಬಹಳ ಸುಲಭ.

ಸೈಕಲ್ಲು ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಮಲಗಿ ಬಂದಿತ್ತು. ಕಪ್ಪು ಬಣ್ಣ. ಗಾಲಿಗಳ ಮೇಲೆ ಉದ್ದನೆಯ ಮಡಗಾರ್ಡು, ಚೈನಿಗೆ ಪೂರ್ತಿ ಕವರು, ಹಿಂದಿನ ಗಾಲಿಗೆ ಸೆರಗು ಸಿಗದ ಹಾಗೆ ಜಾಳಿಗೆ. ಇಳಿಸಿದ್ದೇ ತಡ, ಅದಕ್ಕೆ ಏನೇನು ಹಚ್ಚಬೇಕೆಂಬ ಚರ್ಚೆ ಶುರುವಾಯಿತು.

ಎಲ್ಲರಿಗಿಂತ ಮುಂದೆ ನಮ್ಮ ಮನೆಯವರು. ಇವರಿಗೆ ಸೈಕಲ್ಲು ಹೊಡೆಯಲು ಬರುವುದಿಲ್ಲ. (ಇದನ್ನು ಬರೆಯಬೇಡ ಅಂದಿದ್ದಾರೆ. ಬರೆದಿದ್ದೇನೆ.) ಆದರೆ ಶೃಂಗಾರ ಮಾಡಲು ಬರುತ್ತದೆ. ಹ್ಯಾಂಡಲಿಗೆ ಗೊಂಡೆ, ಗಾಲಿಯ ನಡುವೆ ಬಣ್ಣದ ಬ್ರಷ್ಷು, ಸೀಟಿಗೆ ಮಖಮಲ್ಲಿನ ಕವರು, ಮಡಗಾರ್ಡಿನ ತುದಿಗೆ ನವಿಲಿನ ಚಿತ್ರ ಇರುವ ರಬ್ಬರು.

"ಡೈನಮೋನೂ ಹಾಕಸೂಣು," ಅಂದರು.

"ಸಾಲಿ ಹಗಲಾಗ ನಡೀತೈತ್ರಿ."

"ಇರ್ಲಿ ಬಿಡು, ಚೊಲೋ ಕಾಣ್ತೈತಿ."

ಇವರನ್ನೊಬ್ಬರನ್ನೇ ಏಕೆ ಅನ್ನಲಿ? ಹೊಸ ವಸ್ತು ಮನೆಗೆ ಬಂದರೆ ನಾವು ಯಾರಾದರೂ ಅದನ್ನು ಬಂದ ಹಾಗೇ ಇಟ್ಟುಕೊಳ್ಳುತ್ತೇವೆಯೇ? ರೇಡಿಯೋಕ್ಕೆ ಕಸೂತಿ ಹಾಕಿದ ಅಂಗಿ ಹೊಲಿಯುತ್ತೇವೆ. ಟ್ರಂಕಿನ ಮೇಲೆ ಹೆಸರು ಬರೆಸುತ್ತೇವೆ, ಅದೂ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಸಮೇತ. ಹೊಸ ಎತ್ತು ತಂದರೆ ಕೋಡು ಹೆರೆದು ಗೆಜ್ಜೆ ಕಟ್ಟುವ ಜನ ನಾವು. ಸೈಕಲ್ಲನ್ನು ಬೋಳಾಗಿ ಬಿಡಲು ಮನಸ್ಸು ಬರುವುದಿಲ್ಲ.

ನನ್ನ ಮನಸ್ಸು ಮಾತ್ರ ಬೇರೆ. ಕಾರ್ಖಾನೆಯವರು ವಿಚಾರ ಮಾಡಿಯೇ ಮಾಡಿರುತ್ತಾರೆ, ಹೆಚ್ಚು ಬೇಡ, ಕಡಿಮೆ ಬೇಡ, ಇದ್ದ ಹಾಗೆ ಇರಲಿ. ಗೊಂಡೆ ಬೇಡ ಅಂದೆ, ನವಿಲು ಬೇಡ ಅಂದೆ. ಇವರು ಒಂದು ದಿನ ಮುಖ ಊದಿಸಿಕೊಂಡು ಓಡಾಡಿದರು.

ಬಿದಿರಿನ ಕೋಲು ಬೇಡ ಅನ್ನಲು ಧೈರ್ಯವಾಗಲಿಲ್ಲ. ಕಟ್ಟಿಕೊಂಡೇ ಊರ ಬಾಗಿಲಿನ ಅಗಸಿಯ ತನಕ ದೂಡಿಕೊಂಡು ಹೋಗಿ, ಬಿಚ್ಚಿ, ಹತ್ತಿ, ಶಾಲೆಯ ಮುಂದೆ ಇಳಿದು ಮತ್ತೆ ಸುತಳಿ ಸುತ್ತುತ್ತ ನಿಂತೆ. ಬಾವಿಗೆ ಹೊರಟಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನೋಡತೊಡಗಿದರು. ಸುಮ್ಮನೆ ಇಳಿದು ಒಳಗೆ ಹೋಗಿದ್ದರೆ ಅಷ್ಟು ಜನ ನಿಲ್ಲುತ್ತಿರಲಿಲ್ಲ. ಸಂಜೆ ಇದರ ವರದಿ ಒಪ್ಪಿಸಿದ ಮೇಲೆ ಕೋಲು ದನದ ಕೊಟ್ಟಿಗೆಗೆ ಹೋಯಿತು.

ಅಗಸಿಯ ಹತ್ತಿರ ಸೈಕಲ್ ಅಂಗಡಿ ಇಟ್ಟಿರುವ ರಾಜೇಸಾಬ ಮಾತ್ರ ಹಚ್ಚುವ ಮಾತಾಡಲಿಲ್ಲ, ಬಿಚ್ಚುವ ಮಾತಾಡಿದ.

"ಅಕ್ಕಾರ, ಮಿರಗದ ಮಳಿ ಬರೂದ್ರೊಳಗ ಮಡಗಾರ್ಡು, ಚೈನ್ ಕವರು ಎಲ್ಲಾ ತಗಸಿಬಿಡ್ರಿ."

ಎರಿ ಹೊಲದ ಹಾದಿ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮ ಕರಿ ಮಣ್ಣು ಒದ್ದೆಯಾದರೆ ಗಾಲಿಗೆ ಮೆತ್ತಿಕೊಂಡು, ಸುತ್ತುತ್ತ ಹೋಗಿ, ಟೈರಿಗೂ ಮಡಗಾರ್ಡಿಗೂ ನಡುವೆ ತುಂಬಿಕೊಂಡು ಕೂತುಬಿಡುತ್ತದೆ. ಆಮೇಲೆ ದೂಡಿದರೂ ಇಲ್ಲ, ಎಳೆದರೂ ಇಲ್ಲ. ಗಂಡಸರು ಸೈಕಲ್ಲಿನ ಅಡ್ಡ ಕೊಳವೆಯನ್ನು ಹೆಗಲಿಗೇರಿಸಿ ಊರ ಕಡೆ ನಡೆಯುತ್ತಾರೆ. ಆ ದಿನ ಸವಾರ ಸೈಕಲ್ಲೇ. ಅದಕ್ಕೇ ಮಳೆಗಾಲ ಹತ್ತಿರ ಬಂದರೆ ನಮ್ಮ ಕಡೆ ಮಡಗಾರ್ಡು ಬಿಚ್ಚಿ ಅಟ್ಟದ ಮೇಲೆ ಇಡುತ್ತಾರೆ. ಧೋತರ ಮೇಲೆ ಎತ್ತಿ ಕಟ್ಟಿದರೆ ಅವರ ಚಿಂತೆ ಮುಗಿಯಿತು.

ನನ್ನ ಚಿಂತೆ? ಚೈನ್ ಕವರು ತೆಗೆದರೆ ನಿರಿಗೆ ಚೈನಿಗೆ. ಜಾಳಿಗೆ ತೆಗೆದರೆ ಸೆರಗು ಗಾಲಿಗೆ. ಮಡಗಾರ್ಡು ತೆಗೆದರೆ ಕೆಸರು ಬೆನ್ನಿಗೆ. ಎಲ್ಲ ಇಟ್ಟುಕೊಂಡರೆ ಗಾಲಿಯೇ ನಿಲ್ಲುತ್ತದೆ. ಸೀರೆ ಉಳಿಸಲೋ, ನೌಕರಿ ಉಳಿಸಲೋ?

ಯೋಚನೆ ಮಾಡಿ ಮಾಡಿ ಸಾಕಾಗಿ, ಇದ್ದ ಹಾಗೆ ಇರಲಿ ಅಂದೆ. ನಿಜ ಹೇಳಬೇಕೆಂದರೆ ಅದು ನಿರ್ಧಾರವಲ್ಲ. ಮಳೆ ತಡವಾಗಿ ಬರಲಿ ಎಂಬ ಆಸೆ ಅಷ್ಟೆ.

ಮಳೆ ಹೋದ ವಾರ ಬಂತು. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ.

ನಿಂತ ಮೇಲೆ ಹೊರಟೆ. ಊರ ಮುಂದಿನ ಗಟ್ಟಿ ಗರಸಿನ ರಸ್ತೆ ಮುಗಿಯುವ ತನಕ ಸೈಕಲ್ಲು ಮಹಾರಾಣಿಯ ಹಾಗೆ ಬಂತು. ಹೊಲದ ಹಾದಿಗೆ ಇಳಿದದ್ದೇ ತಡ, ಭಾರವಾಯಿತು. ಆಮೇಲೆ ನಿಂತೇ ಬಿಟ್ಟಿತು. ಇಳಿದು ನೋಡಿದರೆ ಮಡಗಾರ್ಡಿನ ಒಳಗೆ ಮಣ್ಣು, ಜಾಳಿಗೆಯ ಒಳಗೆ ಮಣ್ಣು, ಚೈನ್ ಕವರಿನ ಒಳಗೂ ಮಣ್ಣು. ಕಡ್ಡಿ ಮುರಿದು ಕೆರೆದೆ. ಕಡ್ಡಿ ಮುರಿಯಿತು, ಮಣ್ಣು ಬರಲಿಲ್ಲ.

ಹೆಗಲಿಗೇರಿಸೋಣವೆಂದು ಬಗ್ಗಿದೆ. ಏರಿಸುವುದು ಎಲ್ಲಿ ಹಿಡಿದು? ಗಂಡಸರ ಸೈಕಲ್ಲಿಗೆ ಅಡ್ಡ ಕೊಳವೆ ಇರುತ್ತದೆ, ಹೆಗಲ ಮೇಲೆ ಕೂರುತ್ತದೆ. ಲೇಡೀಜ್ ಸೈಕಲ್ಲಿಗೆ ಆ ಜಾಗ ಖಾಲಿ. ಆಗ, ಆ ಕೆಸರಿನಲ್ಲಿ ನಿಂತು, ನನಗೆ ಅತ್ತೆಯವರ ಬಿದಿರಿನ ಕೋಲು ನೆನಪಾಯಿತು.

ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅಲ್ಲೇ ಇದ್ದ ಅಂದಾನೆಪ್ಪ ಕಾಕಾನ ಹೊಲದ ಬನ್ನಿ ಗಿಡಕ್ಕೆ ಸೈಕಲ್ಲು ಆನಿಸಿಟ್ಟು ನಡೆದೇ ಬಂದೆ. ಅಂದಾನೆಪ್ಪ ಕಾಕಾ ನಮ್ಮ ಪಕ್ಕದ ಹೊಲದವರು. ಕಸ ತೆಗೆಯುವ ದಿನಗಳಲ್ಲಿ ಅವರ ಮನೆಯವರು ನಮ್ಮ ಹೊಲಕ್ಕೆ, ನಮ್ಮವರು ಅವರ ಹೊಲಕ್ಕೆ ಮುಯ್ಯಾಳಾಗಿ ಹೋಗುವುದು ಹಳೆಯ ರೂಢಿ.

ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು.

"ಸೈಕಲ್ ಎಲ್ಲೈತಿ?"

"ಅಂದಾನೆಪ್ಪ ಕಾಕಾನ ಹೊಲದಾಗ ಐತ್ರಿ."

"ಹೊತ್ಕೊಂಡು ಬರ್ಲಿಲ್ಲ?"

"ಹೊರಾಕ ಬರೂದಿಲ್ರಿ ಅತ್ತಿ. ಅಡ್ಡ ಕೊಳವಿ ಇಲ್ಲ ಅದಕ್ಕ."

ಒಳಗಿನಿಂದ ಇವರ ದನಿ ಬಂತು. "ಅಂದ್ರ ಹೆಗಲ ಮ್ಯಾಲ ತಂದಿಲ್ಲ. ಕರಾರ ಮುರದಿಲ್ಲ ನೋಡಬೇ ಯವ್ವಾ."

"ನಿನ್ನ ವಕೀಲಕಿ ಸಾಕು," ಅಂದರು ಅತ್ತೆಯವರು. "ಹೊತ್ತು ತರೂದಕ್ಕಿಂತ ಬಿಟ್ಟು ಬರೂದು ಚೊಲೋ ಏನು? ಮುಂಜಾನೆ ನೋಡೂಣು."

ಆ ಮುಂಜಾನೆಗೆ ನಾನು ತಯಾರಾಗಿಯೇ ಎದ್ದೆ. ರವಿವಾರ, ಶಾಲೆ ಇರಲಿಲ್ಲ. ರಾಜೀನಾಮೆಯ ಒಕ್ಕಣೆ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ನನ್ನ ಕೈಬರಹ ಚೆನ್ನಾಗಿದೆ, ಕೊನೆಯದನ್ನಾದರೂ ಚೆನ್ನಾಗಿ ಬರೆಯೋಣ ಅಂತ.

ಅಷ್ಟರಲ್ಲಿ ಅಂದಾನೆಪ್ಪ ಕಾಕಾ ಬಂದರು. ಹಿಂದೆ ನಗಲು ನಾಲ್ಕು ಜನ. ಅತ್ತೆಯವರನ್ನು ಕೇಳಿದರು,

"ಏನ ಯಕ್ಕಾ, ನನ್ನ ಹೊಲದಾಗ ಸೈಕಲ್ ಬಿತ್ತೀರಲ್ಲ. ರಾಶಿ ಯಾವಾಗ?"

ನಾಲ್ವರೂ ನಕ್ಕರು. ಅತ್ತೆಯವರೂ ಸ್ವಲ್ಪ ನಕ್ಕರು. ಕಾಕಾ ಅಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣ ಬೇರೆ ರೀತಿ ಮುಗಿಯುತ್ತಿತ್ತು. ಅವರು ನಿಲ್ಲಿಸಲಿಲ್ಲ.

"ಬಿಡಸಿಬಿಡು ಯಕ್ಕಾ ನೌಕರಿ. ಎರಿ ಮಣ್ಣಾಗ ಹೆಂಗಸೂರ ಆಟ ಎಲ್ಲಿ ನಡೀತೈತಿ?"

ಅತ್ತೆಯವರ ನಗು ನಿಂತಿತು. ಲಗ್ನವಾಗಿ ಈ ಮನೆಗೆ ಬಂದಾಗಿನಿಂದ ಎರಿ ಮಣ್ಣಿನಲ್ಲೇ ನಿಂತು ಕೆಲಸ ಮಾಡಿದವರು ಅವರು. ಒಳಗೆ ಹೋಗಿ ಕಸ ತೆಗೆಯುವ ಕುರಪಿ ತಂದರು.

"ನಡಿ," ಅಂದರು ನನಗೆ.

ಹೊಲ ಮುಟ್ಟಿದ ಮೇಲೆ ಅವರು ಮಾಡಿದ ಮೊದಲ ಕೆಲಸ, ಹೊಲಕ್ಕೆ ಇಳಿಯುವ ನಮ್ಮ ಕಡೆಯ ಎಲ್ಲ ಹೆಂಗಸರೂ ಮಾಡುವ ಕೆಲಸ. ನಿರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆ ಎಳೆದು, ಬಿಗಿಯಾಗಿ ಕಚ್ಚೆ ಹಾಕಿ, ಸೆರಗು ಸುತ್ತಿ ಸಿಕ್ಕಿಸಿದರು. ಕುಕ್ಕರಗಾಲಿನಲ್ಲಿ ಕೂತು, ಎತ್ತಿನ ಗೊರಸಿನ ಮಣ್ಣು ತೆಗೆಯುವ ಹಾಗೆ ಗಾಲಿಯ ಮಣ್ಣು ತೆಗೆದರು. ತೆಗೆಯುತ್ತ ತೆಗೆಯುತ್ತ ಮಡಗಾರ್ಡಿಗೆ ಕುರಪಿಯಿಂದ ಒಂದು ಬಡಿದರು.

"ರಾಜೇಸಾಬಗ ಹೇಳಿ ಇವನ್ನೆಲ್ಲಾ ತಗಸು."

"ಮತ್ತ ಸೀರೀದು ಹೆಂಗ್ರಿ ಅತ್ತಿ?"

ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ತಾಯಿ ಮಗಾ ಕೂಡಿ ಸೈಕಲ್ಲಿಗೆ ಏನೇನ ಬಿಗಿಯಾಕ ಹೋದ್ವಿ. ಬಿಗೀಬೇಕಾಗಿದ್ದು ಸೀರಿ. ನನ್ನ ನೋಡು, ಈ ಸೀರಿ ಯಾವ ಚೈನಿಗೆ ಸಿಗತೈತಿ?"

ಸಿಗುವುದಿಲ್ಲ, ನಿಜ. ನಾನು ಅದನ್ನು ದಿನಾ ನೋಡಿದವಳೇ. ಆದರೆ ಅಕ್ಕೋರು ಕಚ್ಚೆ ಹಾಕುವುದುಂಟೇ? ಹೊಲದಿಂದ ಮನೆಗೆ ಬಂದ ಕೂಡಲೇ ಬಿಚ್ಚುವ ಕಚ್ಚೆ ಅದು. ಶಾಲೆಯ ನೆನಪಾದಾಗ ಅದರ ನೆನಪು ಹೇಗೆ ಬಂದೀತು? ಸೈಕಲ್ಲನ್ನು ಬದಲು ಮಾಡಬೇಕೋ ಬೇಡವೋ ಅಂತ ಇಡೀ ಬೇಸಿಗೆ ಚರ್ಚೆ ಮಾಡಿದೆವು. ಉಡುವ ರೀತಿ ಬದಲು ಮಾಡಬಹುದು ಎಂಬುದು ಓದಿದವಳಿಗೂ ಹೊಳೆಯಲಿಲ್ಲ, ದಿನಾ ಕಚ್ಚೆ ಹಾಕುವವರಿಗೂ ಹೊಳೆಯಲಿಲ್ಲ.

ಹಾಗೆ ನನ್ನ ಸೈಕಲ್ಲು ಈಗ ಬೋಳಾಗಿದೆ. ಮಡಗಾರ್ಡು, ಚೈನ್ ಕವರು, ಜಾಳಿಗೆ ಎಲ್ಲ ಅಟ್ಟದ ಮೇಲೆ. (ಇವರು ಗಾಲಿಯ ನಡುವೆ ಬಣ್ಣದ ಬ್ರಷ್ಷು ಮಾತ್ರ ಹಾಕಿಯೇ ಬಿಟ್ಟರು. ಇರಲಿ, ಅವರಿಗೂ ಒಂದು ಸಮಾಧಾನ.) ಇದರಿಂದ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಹಸಿ ಎರಿಯಲ್ಲಿ ಯಾವ ಸೈಕಲ್ಲೂ ಓಡುವುದಿಲ್ಲ, ಬಿಸಿಲು ಬಿದ್ದು ಹಾದಿ ಸ್ವಲ್ಪ ಬಿಗಿಯಾಗಬೇಕು. ಜೋರು ಮಳೆಯ ಮರುದಿನ ನಡೆದೇ ಹೋಗಬೇಕು, ತಡವಾಗಿಯೇ ಮುಟ್ಟಬೇಕು. ಬೆನ್ನಿಗೆ ಕೆಸರು ಸಿಡಿಯುತ್ತದೆ. ಶಾಲೆಯಲ್ಲಿ ಒಂದು ಸೀರೆ ಇಟ್ಟಿದ್ದೇನೆ. ಚೀಲದಲ್ಲಿ ಪುಸ್ತಕದ ಜೊತೆ ಕುರಪಿಯೂ ಇರುತ್ತದೆ.

ರಾಜೀನಾಮೆಯ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿಲ್ಲ. ನಾನಂತೂ ಎತ್ತುವುದಿಲ್ಲ.

ಕಚ್ಚೆ ಹಾಕಿ ಮೊದಲ ಸಲ ಹೊರಟ ದಿನ ಅತ್ತೆಯವರು ಅಗಸಿಯ ತನಕ ನನ್ನ ಜೊತೆ ಬಂದರು. ಕೈಯಲ್ಲಿ ಕೋಲು ಇರಲಿಲ್ಲ, ಸುತಳಿಯೂ ಇರಲಿಲ್ಲ. ಕಟ್ಟೆಯ ಮೇಲೆ ಅಂದಾನೆಪ್ಪ ಕಾಕಾ ಕೂತಿದ್ದರು. ಸೈಕಲ್ಲು ನೋಡಿದರು. ನನ್ನನ್ನು ನೋಡಿದರು. ಬೇರೆ ಕಡೆ ಮುಖ ತಿರುಗಿಸಿ ಮೆಲ್ಲಗೆ ಅಂದರು, "ಯಕ್ಕಾ, ಇದು ಛಂದ ಅಲ್ಲ. ಅಕ್ಕಾರ ಕಾಲು ಕಾಣ್ತಾವಲ್ಲ."

ನನ್ನ ಕಾಲು ಪೆಡಲಿನ ಮೇಲೆಯೇ ನಿಂತಿತು. ಅತ್ತೆಯವರು ದನಿ ಏರಿಸಲಿಲ್ಲ.

"ಇದ ಕಚ್ಚಿ ಹಾಕ್ಕೊಂಡು ಇಷ್ಟ ವರ್ಷ ನಿನ್ನ ಹೊಲದಾಗ ಕಸಾ ತಗದೇನಲ್ಲಪಾ ಅಂದಾನೆಪ್ಪ, ಅವಾಗ ನನ್ನ ಕಾಲು ಕಾಣಲಿಲ್ಲೇನು ನಿನಗ?"